ಉಳಿಸು, ಅಳಿಸು ಮತ್ತು ಇಳಕಲ್‌ನ ಉದ್ರಿ ಪುಸ್ತಕ

ಇಳಕಲ್‌ನ ಒಂದು ಸೀರೆ ಅಂಗಡಿಗೆ ನಾನು ಉದ್ರಿ ಲೆಕ್ಕದ ಆ್ಯಪ್ ಮಾಡಿಕೊಟ್ಟಿದ್ದೆ. ಯಾರು ಎಷ್ಟು ಸೀರೆ ಒಯ್ದರು, ಎಷ್ಟು ದುಡ್ಡು ಬಂತು, ಎಷ್ಟು ಬಾಕಿ ಇದೆ, ಇಷ್ಟೇ ಕೆಲಸ. ಎರಡನೇ ದಿನವೇ ಗಲ್ಲಾದ ಮೇಲೆ ಕೂರುವ ಅಕ್ಕ ಫೋನ್ ಮಾಡಿದರು. "ತಮ್ಮಾ, ಮುಂಜಾನಿಂದ ಬರದದ್ದು ಒಂದೂ ಕಾಣವಲ್ದಲ್ಲೋ!"

ಹೋಗಿ ಅವರ ಪಕ್ಕ ಸುಮ್ನೆ ಕೂತು ನೋಡಿದೆ. ಪರದೆಯ ಕೆಳಗೆ ಎರಡು ಬಟನ್. ಒಂದು 'ಉಳಿಸು', ಇನ್ನೊಂದು 'ಅಳಿಸು'. ಒಂದೇ ಅಳತೆ, ಒಂದೇ ಬಣ್ಣ, ಅಕ್ಕಪಕ್ಕ. ಇಂಗ್ಲಿಷಿನ ಸೇವ್, ಡಿಲೀಟ್ ನೋಡಲು ಒಂದಕ್ಕೊಂದು ಹೋಲುವುದೇ ಇಲ್ಲ. ಕನ್ನಡಕ್ಕೆ ತಂದ ಕೂಡಲೇ ಇಬ್ಬರೂ ಅವಳಿಗಳಾದರು. ಮೊದಲ ಅಕ್ಷರ ಬಿಟ್ಟರೆ ಎಲ್ಲಾ ಒಂದೇ. ಗಿರಾಕಿ ಎದುರಿಗೆ ನಿಂತಿರುವಾಗ ಅಕ್ಷರ ಬಿಡಿಸಿ ಓದಲು ಯಾರಿಗೆ ಪುರಸೊತ್ತಿದೆ? ತಪ್ಪು ಅಕ್ಕನದಲ್ಲ, ಪೂರ್ತಿ ನನ್ನದು.

ಅಸಲಿಗೆ ಆ ಎರಡೂ ಪದ ಆ ಅಂಗಡಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಅಲ್ಲಿ 'ಬರ್ಕೋ' ಅಂತಾರೆ, 'ಕಾಟು ಹಾಕು' ಅಂತಾರೆ. ಕಾಟು ಹಾಕಿದ ಸಾಲು ಪುಸ್ತಕದಿಂದ ಮಾಯವಾಗುವುದಿಲ್ಲ ನೋಡಿ. ಗೆರೆಯ ಕೆಳಗೆ ಇನ್ನೂ ಓದಲು ಬರುತ್ತದೆ, ಆಮೇಲೆ ಜಗಳ ಬಂದರೆ ಅದೇ ಸಾಕ್ಷಿ. ನನ್ನ ಆ್ಯಪ್ ಮಾತ್ರ ಒಂದು ಒತ್ತಿಗೆ ಎಲ್ಲವನ್ನೂ ನುಂಗುತ್ತಿತ್ತು. ಈಗ ಅದರಲ್ಲೂ ಸಾಲಿನ ಮೇಲೆ ಗೆರೆ ಬೀಳುತ್ತದೆ, ಅಷ್ಟೇ. ಬೇಕಾದರೆ ಗೆರೆ ತೆಗೆಯಬಹುದು.

ಬಟನ್ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೂ ಒಂದು ವಿಜ್ಞಾನ ಇದೆ. 1954ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್, ಜನರ ಕೈಗೆ ಒಂದು ಕಡ್ಡಿ ಕೊಟ್ಟು ಎರಡು ಲೋಹದ ಪಟ್ಟಿಗಳನ್ನು ಒಂದಾದ ಮೇಲೊಂದು ಮುಟ್ಟಲು ಹೇಳಿದರು. ಪಟ್ಟಿ ಸಣ್ಣದಾದಷ್ಟು, ದೂರವಿದ್ದಷ್ಟು ಕೈಗೆ ಜಾಸ್ತಿ ಹೊತ್ತು ಬೇಕಾಯಿತು. ಅವಸರ ಮಾಡಿದರೆ ಗುರಿ ತಪ್ಪುತ್ತದೆ. ಇದನ್ನು ಎರಡೂ ಕಡೆಯಿಂದ ಬಳಸಬಹುದು. 'ಬರ್ಕೋ' ಈಗ ಹೆಬ್ಬೆರಳಿನ ಹತ್ತಿರವೇ ಅಗಲವಾಗಿ ಕೂತಿದೆ. 'ಕಾಟು ಹಾಕು' ಮೇಲಿನ ಮೂಲೆಗೆ ಹೋಗಿದೆ. ಅದನ್ನು ಬೇಕಂತಲೇ ದೂರ ಇಟ್ಟೆ. ಬಟನ್ ಹೆಚ್ಚುಕಡಿಮೆ 9 ಮಿಲಿಮೀಟರ್ ಆದರೂ ಇರಲಿ ಅನ್ನುತ್ತದೆ ಆಂಡ್ರಾಯ್ಡ್ ಮಾರ್ಗಸೂಚಿ.

ಆದರೂ ಅಕ್ಕ ಕೆಲವೊಮ್ಮೆ ಎರಡೆರಡು ಸಲ ಒತ್ತುತ್ತಿದ್ದರು. ವರ್ಷಗಟ್ಟಲೆ ಕುಣಿಮಗ್ಗದಲ್ಲಿ ನೇಯ್ದ ಕೈ ಅದು. ಬೆರಳ ತುದಿಯ ಚರ್ಮ ಗಟ್ಟಿಯಾಗಿದೆ. ಫೋನಿನ ಗಾಜಿನಡಿ ಕಣ್ಣಿಗೆ ಕಾಣದ ಒಂದು ಜಾಲವಿದ್ದು, ಅದರಲ್ಲಿ ಸಣ್ಣ ವಿದ್ಯುತ್ ಆವೇಶ ಇರುತ್ತದೆ. ನಮ್ಮ ದೇಹ ವಿದ್ಯುತ್ತನ್ನು ಹರಿಯಬಿಡುವುದರಿಂದ, ಬೆರಳು ತಾಗಿದಲ್ಲಿ ಆ ಆವೇಶ ಬದಲಾಗುತ್ತದೆ. ಒಣಗಿದ ದಪ್ಪ ಚರ್ಮ ನಡುವೆ ಬಂದರೆ ಆ ಬದಲಾವಣೆ ಕಡಿಮೆ, ಫೋನಿಗೆ ಬೆರಳು ಗೊತ್ತೇ ಆಗುವುದಿಲ್ಲ.

ಇನ್ನೊಂದು ಕಾರಣ ನೆಟ್‌ವರ್ಕ್. ಒತ್ತಿದ 0.1 ಸೆಕೆಂಡಿನೊಳಗೆ ಪರದೆ ಅಲುಗಾಡಿದರೆ ಕೂಡಲೇ ಕೆಲಸ ಆಯಿತು ಅನಿಸುತ್ತದೆ. 1 ಸೆಕೆಂಡ್ ದಾಟಿದರೆ ಯೋಚನೆಯ ಎಳೆ ತುಂಡಾಗುತ್ತದೆ. 10 ಸೆಕೆಂಡ್ ಆದರೆ ಗಮನವೇ ಬೇರೆ ಕಡೆ. ಕಂಪ್ಯೂಟರ್ ಬಳಕೆ ಸುಲಭವಾಗಿಸುವುದರ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಕೊಟ್ಟ ಈ ಅಳತೆಗಳು ಇಂದಿಗೂ ಸರಿ, ಯಾಕಂದರೆ ಮನುಷ್ಯರ ಮಿದುಳೇನು ಬದಲಾಗಿಲ್ಲ ಅಲ್ವಾ? ನನ್ನ ಆ್ಯಪ್ ದೂರದ ಸರ್ವರ್ ಉತ್ತರ ಕೊಡುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಅಕ್ಕ ಮತ್ತೆ ಒತ್ತುತ್ತಿದ್ದರು, ಒಂದೇ ಸೀರೆ ಎರಡು ಸಲ ಬರೆಯಲಾಗುತ್ತಿತ್ತು. ಈಗ ಲೆಕ್ಕ ಮೊದಲು ಫೋನಿನಲ್ಲೇ ಕೂರುತ್ತದೆ, ಒತ್ತಿದ ಕೂಡಲೇ ಪರದೆಯಲ್ಲಿ ಕಾಣುತ್ತದೆ. ನೆಟ್‌ವರ್ಕ್ ಬಂದಾಗ ಸರ್ವರ್‌ಗೆ ಹೋಗುತ್ತದೆ. ಪ್ರತಿ ಬರಹಕ್ಕೂ ಒಂದು ಗುರುತಿನ ಸಂಖ್ಯೆ ಇದೆ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಎರಡನೇ ಸಲ ಬರೆಯುವುದಿಲ್ಲ.

ಹೆಸರಿನದ್ದು ಬೇರೆಯೇ ಕತೆ. ಹುಡುಕುವ ಪೆಟ್ಟಿಗೆಗೆ ನಾನು 10 ಅಕ್ಷರದ ಮಿತಿ ಹಾಕಿದ್ದೆ. 'ಮಲ್ಲಿಕಾರ್ಜುನ' ನಮ್ಮ ಕಣ್ಣಿಗೆ ಐದೇ ಅಕ್ಷರ. ಕಂಪ್ಯೂಟರ್‌ಗಳು ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯುನಿಕೋಡ್‌ಗೆ ಅದು 12, ಯಾಕಂದರೆ ಅಲ್ಲಿ ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಗುರುತು (್), ಕೊಂಬು, ಗುಡಿಸು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತಾರೆ. ಹಾಗಾಗಿ ಹೆಸರು 'ಮಲ್ಲಿಕಾರ್ಜ'ಕ್ಕೆ ಬಂದು ನಿಂತುಬಿಡುತ್ತಿತ್ತು. ಕನ್ನಡಿಗರಿಗೆ ಆ್ಯಪ್ ಮಾಡುವವರು ಈ ಲೆಕ್ಕವನ್ನು ಒಮ್ಮೆಯಾದರೂ ಕೂತು ಮಾಡಬೇಕು. ಒತ್ತಕ್ಷರದ ಕಾಲು ಕತ್ತರಿಸಿಹೋಗದಂತೆ ಸಾಲುಗಳ ನಡುವೆ ಜಾಗವನ್ನೂ ಬಿಡಬೇಕು.

ಮಿತಿ ತೆಗೆದ ಮೇಲೂ ಅಕ್ಕ ಆ ಪೆಟ್ಟಿಗೆ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದಾಗ ಹಳೆ ಕೆಂಪು ಪುಸ್ತಕ ತೆರೆದು ತೋರಿಸಿದರು. ಅದರಲ್ಲಿ ಊರಿಗೊಂದಿಷ್ಟು ಹಾಳೆ: ಕಮತಗಿ, ಅಮೀನಗಡ, ಹುನಗುಂದ, ಗುಳೇದಗುಡ್ಡ. ಹೆಸರು ನೆನಪಿಸಿಕೊಂಡು ಬರೆಯುವುದಕ್ಕಿಂತ ಕಣ್ಣೆದುರಿಗಿದ್ದದ್ದನ್ನು ಗುರುತಿಸುವುದು ಮಿದುಳಿಗೆ ಹಗುರ. ಅಕ್ಕನ ಪುಸ್ತಕ ನಡೆದಿದ್ದೇ ಹಾಗೆ. ಈಗ ಆ್ಯಪ್ ತೆರೆದರೆ ಮೊದಲು ಊರುಗಳು ಕಾಣುತ್ತವೆ. ಕಮತಗಿ ಒತ್ತಿದರೆ ಅಲ್ಲಿನ ಗಿರಾಕಿಗಳು, ಅಕ್ಕ ಕರೆಯುವ ಹೆಸರಿನಲ್ಲೇ: 'ಮಗ್ಗದ ಮಲ್ಲಪ್ಪ', 'ಗುಡಿ ಹಿಂದಿನ ಮಲ್ಲಪ್ಪ'.