ತರಬೇತಿಗೆ ಹೋದ ಸರ್ಕಾರಿ ನೌಕರರು ನಿಜವಾಗಿ ಕಲಿಯುವುದು ಯಾವಾಗ?

ಪ್ರಶ್ನೆ: ನಮ್ಮ ಕಚೇರಿಯಿಂದ ಪ್ರತಿ ವರ್ಷ ಕೆಲವರನ್ನು ತರಬೇತಿಗೆ ಕಳಿಸುತ್ತೇವೆ. ವಾಪಸ್ ಬಂದವರಲ್ಲಿ ಕಲಿತದ್ದನ್ನು ಬಳಸುವವರು ಕಡಿಮೆ. ತರಬೇತಿಯನ್ನು ಬಡ್ತಿಗೆ ಜೋಡಿಸಿದರೆ ಎಲ್ಲರೂ ಮನಸ್ಸಿಟ್ಟು ಕಲಿಯುತ್ತಾರಾ?

ಉತ್ತರ: ಹಾಜರಾತಿ ಖಂಡಿತ ಜಾಸ್ತಿಯಾಗುತ್ತದೆ. ಕಲಿಕೆ ಜಾಸ್ತಿಯಾಗುತ್ತದೆ ಅಂತ ಹೇಳಲು ಬರುವುದಿಲ್ಲ.

ಬಡ್ತಿಯ ಆಸೆ ಕೆಟ್ಟದ್ದೇನಲ್ಲ. ಇಲಾಖಾ ಪರೀಕ್ಷೆ ಪಾಸು ಮಾಡಲು ರಾತ್ರಿ ಕೂತು ಓದಿದವರು ಎಲ್ಲ ಕಚೇರಿಯಲ್ಲೂ ಇದ್ದಾರೆ. ಆದರೆ ಕರ್ನಾಟಕದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನೇ ನೋಡಿ. 2012ರ ನಿಯಮ ಅದನ್ನು ಬಡ್ತಿಗೆ, ವೇತನ ಬಡ್ತಿಗೆ ಜೋಡಿಸಿತು. ಆಮೇಲೆ ಪಾಸಾಗಲು ಕೊಟ್ಟ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಬೇಕಾಯಿತು. ಬಡ್ತಿಯೊಂದೇ ಸಾಕಾಗಿದ್ದರೆ ಎಲ್ಲರೂ ಮೊದಲ ಗಡುವಿನೊಳಗೇ ಮುಗಿಸಿಬಿಡುತ್ತಿದ್ದರು, ಅಲ್ವಾ?

ಇದಕ್ಕೂ ಹತ್ತು ವರ್ಷ ಹಿಂದಿನ ಭೂಮಿ ಯೋಜನೆ ಬೇರೆಯದೇ ಕಥೆ. ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರ ತೆರೆದರು. ಕೇಂದ್ರ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಡೆಯುವುದಿಲ್ಲ ಎಂದು ಸರ್ಕಾರ ಹೇಳಿಬಿಟ್ಟಿತು. ಅಲ್ಲಿ ಕೂತ ಗ್ರಾಮ ಲೆಕ್ಕಿಗರು ಕಲಿತ ಕೆಲಸವನ್ನೇ ಮಾಡಬೇಕಿತ್ತು, ಬೇರೆ ದಾರಿ ಇರಲಿಲ್ಲ. ಎದುರಿಗೆ ರೈತರ ಸಾಲು. ಬೆರಳಿನ ಗುರುತು ಕೊಟ್ಟೇ ಕಂಪ್ಯೂಟರಿಗೆ ಲಾಗಿನ್ ಆಗಬೇಕು. ಮರೆತದ್ದನ್ನು ಪಕ್ಕದವರನ್ನು ಕೇಳಿ ಅವತ್ತೇ ತಿಳಿದುಕೊಳ್ಳಬೇಕು. ಹೀಗೆ ದಿನಾ ಮಾಡಿದ ಮೇಲೆ ಮರೆಯುವುದು ಹೇಗೆ?

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ವಾಪಸ್ ಬಂದಾಗ ಕಲಿತದ್ದನ್ನು ಬೇಡುವ ಕೆಲಸ ಮೇಜಿನ ಮೇಲೆ ಕಾಯುತ್ತಿರಬೇಕು. ಅದು ಗೊತ್ತಿದ್ದರೆ ನೌಕರರು ತರಗತಿಯಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ. ಬಾಲ್ಡ್‌ವಿನ್ ಮತ್ತು ಫೋರ್ಡ್ ಎಂಬ ಸಂಶೋಧಕರು 1988ರಲ್ಲಿ ತರಬೇತಿಯ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಕಲಿತದ್ದು ಕೆಲಸಕ್ಕೆ ಇಳಿಯಬೇಕಾದರೆ ಕಲಿಯುವವರು ಮತ್ತು ಪಾಠದ ರೀತಿಯ ಜೊತೆಗೆ ಕಚೇರಿಯ ವಾತಾವರಣವೂ ಮುಖ್ಯ ಎಂದರು. ಮೇಲಧಿಕಾರಿಯ ಬೆಂಬಲ ಆ ವಾತಾವರಣದ ದೊಡ್ಡ ಭಾಗ.

ನಮ್ಮ ಕಚೇರಿಗಳಲ್ಲಿ ಏನಾಗುತ್ತದೆ? ಯಾರಿಗೆ ಕೆಲಸ ಕಡಿಮೆಯೋ ಅವರನ್ನು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೋ ಜಿಲ್ಲಾ ತರಬೇತಿ ಸಂಸ್ಥೆಗೋ ಕಳಿಸುತ್ತೇವೆ. ಆ ವಿಷಯ ನೋಡಿಕೊಳ್ಳುವ ಕೇಸ್ ವರ್ಕರ್ ಇಲ್ಲೇ ಉಳಿಯುತ್ತಾರೆ. ಅವರೇ ಹೋದರೂ ಪ್ರಭಾರ, ಅಂದರೆ ಅವರ ಕೆಲಸದ ಹೊಣೆ, ಯಾರಿಗೂ ಕೊಟ್ಟಿರುವುದಿಲ್ಲ. ತರಗತಿಯಲ್ಲಿ ಕೂತವರಿಗೆ ‘ಆ ಫೈಲ್ ಎಲ್ಲಿಟ್ರಿ?’ ಅಂತ ಫೋನ್ ಹೋಗುತ್ತಲೇ ಇರುತ್ತದೆ. ವಾಪಸ್ ಬಂದರೆ ರಾಶಿ ಕಡತ. ಇಂಥವರಿಗೆ ಆಸಕ್ತಿ ಇಲ್ಲ ಅನ್ನುವುದು ಅನ್ಯಾಯ.

ಇನ್ನೊಂದು ಮಾತು. ಇಪ್ಪತ್ತು ವರ್ಷ ಕಡತ ನೋಡಿದವರಿಗೆ ಟಿಪ್ಪಣಿ ಬರೆಯುವುದು ಹೇಗೆ ಅಂತ ಮೊದಲಿನಿಂದ ಹೇಳಿಕೊಟ್ಟರೆ ಬೇಜಾರಾಗುತ್ತದೆ. ಅದರ ಬದಲು ಅವರದೇ ಕಚೇರಿಯ ಒಂದು ಗಂಟು ಬಿದ್ದ ಪ್ರಕರಣವನ್ನು ತರಗತಿಗೆ ತರಲು ಹೇಳಿ. ಅನುಭವಕ್ಕೆ ಬೆಲೆ ಸಿಕ್ಕಿತು ಅನಿಸಿದರೆ ಹಿರಿಯರು ಹೊಸದನ್ನೂ ಖುಷಿಯಿಂದ ಕಲಿಯುತ್ತಾರೆ. ‘ಇ-ಆಫೀಸ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಮೇಡಂ ಅವರನ್ನು ಕೇಳಿ’ ಎಂಬ ಹೆಸರು ಕಚೇರಿಯಲ್ಲಿ ಬಂದರೆ, ಅದು ಎಷ್ಟೋ ಸಲ ಪ್ರಮಾಣಪತ್ರಕ್ಕಿಂತ ದೊಡ್ಡದು.

ಕೇಂದ್ರ ಸಚಿವ ಸಂಪುಟ 2020ರಲ್ಲಿ ಒಪ್ಪಿದ ಸರ್ಕಾರಿ ನೌಕರರ ತರಬೇತಿ ಕಾರ್ಯಕ್ರಮ ಮಿಷನ್ ಕರ್ಮಯೋಗಿಯ ಉದ್ದೇಶವೂ ನೌಕರರ ಪಾತ್ರಕ್ಕೆ ತಕ್ಕ ಕಲಿಕೆ. ಅದರ ಆನ್‌ಲೈನ್ ಕಲಿಕೆಯ ಐಗಾಟ್ ವೇದಿಕೆಯ ಪಾಠಗಳನ್ನು ಮೊಬೈಲಿನಲ್ಲೇ ನೋಡಬಹುದು. ಒಳ್ಳೆಯ ಅನುಕೂಲ. ಆದರೆ ಎಷ್ಟು ಕೋರ್ಸ್ ಮುಗಿಸಿದಿರಿ ಅಂತ ಮಾತ್ರ ಲೆಕ್ಕ ಕೇಳಿದರೆ, ವಿಡಿಯೊ ಅದರ ಪಾಡಿಗೆ ಓಡುತ್ತದೆ, ಕಣ್ಣು ಕಡತದ ಮೇಲಿರುತ್ತದೆ.

ಮುಂದಿನ ಸಲ ಕಳಿಸುವ ಮೊದಲು ನೌಕರರ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ಬಂದ ಮೇಲೆ ಯಾವ ಕೆಲಸ ಅವರ ಕೈಗೆ ಕೊಡುತ್ತೀರಿ ಅಂತ ಆಗಲೇ ತಿಳಿಸಿ. ಪ್ರಭಾರವನ್ನು ಲಿಖಿತ ಆದೇಶದಲ್ಲೇ ಬೇರೆಯವರಿಗೆ ವಹಿಸಿ. ಬಂದ ವಾರವೇ ಆ ಕೆಲಸ ಕೊಡಿ, ತಿಂಗಳಾದ ಮೇಲೆ ಹೇಗೆ ನಡೀತಿದೆ ಅಂತ ಕೇಳಿ. ಕನಿಷ್ಠ ಒಂದು ವರ್ಷ ಅವರ ಸೆಕ್ಷನ್ ಬದಲಿಸಬೇಡಿ. ಬಡ್ತಿಯ ನಿಯಮ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಇವೆಲ್ಲ ನಿಮ್ಮ ಕೈಯಲ್ಲೇ ಇವೆ.