ಯೊಸಾಕೊಯ್ ಟಿಪ್ಪಣಿ: ನರುಕೊ ತಾಳಕ್ಕೆ ನುಡಿಯಬೇಕಾದರೆ

ಹಿನ್ನೆಲೆ, ಚುಟುಕಾಗಿ

ಯೊಸಾಕೊಯ್ ನೋಡಲು ಶತಮಾನಗಳಷ್ಟು ಹಳೆಯ ಕುಣಿತದಂತಿದ್ದರೂ ಅದು ಹುಟ್ಟಿದ್ದು 1954ರಲ್ಲಿ, ಜಪಾನಿನ ಶಿಕೊಕು ದ್ವೀಪದ ಕೋಚಿ ನಗರದಲ್ಲಿ (ಕೇರಳದ ಕೊಚ್ಚಿಗೂ ಇದಕ್ಕೂ ಸಂಬಂಧವಿಲ್ಲ). ಯುದ್ಧದ ನಂತರ ಸೊರಗಿದ್ದ ಪೇಟೆಗೆ ಕಳೆ ತರಲು ಅಲ್ಲಿನ ವರ್ತಕರ ಮಂಡಳಿ ಹೂಡಿದ ಉಪಾಯವದು. ನೆರೆಯ ತೊಕುಶಿಮಾದ ಅವಾ ಒದೊರಿ ಕುಣಿತಕ್ಕೆ ಜನ ಮುಗಿಬೀಳುತ್ತಿದ್ದುದನ್ನು ಕಂಡು ಹುಟ್ಟಿದ ಪೈಪೋಟಿಯೂ ಇತ್ತು. ಸಂಗೀತ ರಚನಕಾರ ತಕೆಮಸಾ ಎಯ್‌ಸಾಕು ಊರಿನ ಹಳೆಯ ಹಾಡನ್ನು ಸೇರಿಸಿಕೊಂಡು ಹೊಸ ಹಾಡು ಕಟ್ಟಿದರು, ಕುಣಿಯುವವರ ಕೈಗೆ ನರುಕೊ ಎಂಬ ಮರದ ಗಿಲಕಿ ಕೊಡಿಸಿದರು. ಗದ್ದೆಯಲ್ಲಿ ಗುಬ್ಬಚ್ಚಿಗಳನ್ನು ಓಡಿಸುತ್ತಿದ್ದ ಸದ್ದು ಪೇಟೆಗೆ ಗಿರಾಕಿಗಳನ್ನು ಕರೆಯುವ ಕೆಲಸಕ್ಕೆ ಸೇರಿಕೊಂಡಿತು.

ನರುಕೊ: ಕೈ ತಡವರಿಸುವ ಜಾಗ

ಕೈಯಗಲದ ಕೆಂಪು ಹಲಗೆ, ಅದರ ಮೇಲೆ ಸಡಿಲವಾಗಿ ಕಟ್ಟಿದ ಕಪ್ಪು, ಹಳದಿ ಬಣ್ಣದ ಪುಟ್ಟ ಮರದ ತುಂಡುಗಳು. ಎರಡೂ ಕೈಗೆ ಒಂದೊಂದು. ಬೀಸಿದರೆ ಸದ್ದು ಬರುತ್ತದೆ ಎಂದುಕೊಂಡೇ ಎಲ್ಲರೂ ಶುರುಮಾಡುತ್ತಾರೆ. ಸದ್ದೇನೋ ಬರುತ್ತದೆ, ಆದರೆ ಪ್ರತಿ ಸಲವೂ ತಾಳ ದಾಟಿದ ಮೇಲೆ.

ಕಾರಣ ಇಷ್ಟು. ಕೋಲಾಟದಲ್ಲಿ ಕೋಲಿಗೆ ಕೋಲು ತಾಗಿದ್ದೇ ಸದ್ದು. ತಾಗಿಸುವುದು ನಮ್ಮ ಕೈಯಲ್ಲೇ ಇದೆ. ನರುಕೊದಲ್ಲಿ ಬಡಿಯುವುದು ನಾವಲ್ಲ, ಆ ಸಡಿಲ ತುಂಡುಗಳು. ಕೈ ಬೀಸುವಾಗ ಹಲಗೆಯೂ ತುಂಡುಗಳೂ ಒಟ್ಟಿಗೇ ಸಾಗುತ್ತವೆ, ಆಗ ಸದ್ದಿಲ್ಲ. ಕೈ ತಟ್ಟನೆ ನಿಂತಾಗ ಹಲಗೆ ನಿಲ್ಲುತ್ತದೆ, ತುಂಡುಗಳು ಮಾತ್ರ ಓಟ ಬಿಡದೆ ಮುಂದೆ ಹೋಗಿ ಹಲಗೆಗೆ ಬಡಿಯುತ್ತವೆ. ಅಂದರೆ ಸದ್ದು ಹುಟ್ಟುವುದು ಬೀಸುವುದರಿಂದಲ್ಲ, ನಿಲ್ಲಿಸುವುದರಿಂದ. ತಾಳ ಬಿದ್ದಾಗ ಕೈ ಎತ್ತಿದರೆ ತಡವಾಯಿತೆಂದೇ ಅರ್ಥ. ತಾಳ ಬೀಳುವ ಹೊತ್ತಿಗೆ ಕೈ ನಿಂತಿರಬೇಕು.

ಎಣಿಕೆಯಲ್ಲಿ ಹೇಳುವುದಾದರೆ ‘ಒಂದು-ಮತ್ತು-ಎರಡು-ಮತ್ತು’. ‘ಮತ್ತು’ ಎಂದಾಗ ಮಣಿಕಟ್ಟು ಹೊರಡಬೇಕು, ಅಂಕೆ ಹೇಳಿದಾಗ ನಿಲ್ಲಬೇಕು. ಮೊದಲು ಹಾಡಿಲ್ಲದೆ, ನಿಂತಲ್ಲೇ, ಮಣಿಕಟ್ಟಿನಿಂದ ಮಾತ್ರ ಮಾಡಿ ನೋಡಿ. ಮೊಣಕೈಯಿಂದ ಬೀಸಿದರೆ ಕೈ ನಿಧಾನವಾಗಿ ನಿಲ್ಲುತ್ತದೆ, ‘ಚಟ್’ ಎನ್ನಬೇಕಾದದ್ದು ‘ಚಟಪಟ’ ಎನ್ನುತ್ತದೆ. ಕೈ ಹಿಂದಕ್ಕೆ ತರುವಾಗ ಮೆತ್ತಗೆ ತನ್ನಿ, ಇಲ್ಲದಿದ್ದರೆ ಕರೆಯದೇ ಬರುವ ಇನ್ನೊಂದು ಸದ್ದು ಎಲ್ಲವನ್ನೂ ಕೆಡಿಸುತ್ತದೆ. ಕೋಚಿಯಲ್ಲಿ ಒಂದು ತಂಡದಲ್ಲಿ 150 ಜನರವರೆಗೂ ಕುಣಿಯಬಹುದು, ಅಂದರೆ 300 ನರುಕೊ. ಯಾರ ತಪ್ಪೂ ಮರೆಯಾಗಿ ಉಳಿಯುವುದಿಲ್ಲ.

ನಿಯಮಗಳು

ಕೋಚಿಯಲ್ಲಿ ಮುಖ್ಯವಾದವು ಮೂರು: ಕೈಯಲ್ಲಿ ನರುಕೊ ಇರಬೇಕು, ಸಂಗೀತದಲ್ಲಿ ಎಲ್ಲಾದರೂ ಮೂಲ ಹಾಡಿನ ಧಾಟಿ ಬರಬೇಕು, ಕುಣಿತ ಮುಂದೆ ಸಾಗಬೇಕು. ಉಳಿದದ್ದು ತಂಡದ ಇಷ್ಟ. ರಾಕ್, ಸಾಂಬಾ, ಹಿಪ್‌ಹಾಪ್ ಎಲ್ಲಕ್ಕೂ ಜಾಗವಿದೆ. ಸಂಪ್ರದಾಯ ಉಳಿಸಿಕೊಳ್ಳಲು ಇಷ್ಟು ಕಡಿಮೆ ಕಟ್ಟುಪಾಡು ಸಾಕಾಗಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಸೋರನ್ ಬೇರೆ

ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ವಿದ್ಯಾರ್ಥಿಯೊಬ್ಬ ಕೋಚಿಯ ಹಬ್ಬ ಕಂಡು ಮರುಳಾಗಿ, ಗೆಳೆಯರನ್ನು ಕಟ್ಟಿಕೊಂಡು 1992ರಲ್ಲಿ ತನ್ನ ದ್ವೀಪದ ಸಪ್ಪೊರೊ ನಗರದಲ್ಲಿ ‘ಯೊಸಾಕೊಯ್ ಸೋರನ್’ ಹಬ್ಬ ಶುರುಮಾಡಿದ. ಅಲ್ಲಿ ನರುಕೊ ಜೊತೆಗೆ ಹೆರಿಂಗ್ ಮೀನು ಹಿಡಿಯುವವರ ‘ಸೋರನ್’ ಹಾಡು ಸೇರಿಕೊಂಡಿತು. ಸೊಂಟ ತಗ್ಗಿಸಿ ಬಲೆ ಎಳೆಯುವ, ಹಗ್ಗ ಸೆಳೆಯುವ ಭಂಗಿ ಕಂಡರೆ ಅದು ಸೋರನ್. ಶಾಲಾ ಕ್ರೀಡಾದಿನದಲ್ಲಿ ಮಕ್ಕಳು ಸೋರನ್ ಕುಣಿಯುವಾಗ ಸಾಮಾನ್ಯವಾಗಿ ಕೈ ಬರಿದಾಗಿರುತ್ತದೆ. ವಿಡಿಯೋ ನೋಡಿ ಕಲಿಯುವವರು ಇದನ್ನು ಗಮನಿಸಿ.

ಬೀದಿಗಿಳಿದಾಗ

ಧ್ವನಿವರ್ಧಕ ಹೊತ್ತ ಲಾರಿ, ಅಂದರೆ ಜಿಕತಶಾ, ತಂಡದ ಮುಂದೆ ಸಾಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ, 34 ಮೀಟರ್ ಹಿಂದಿರುವವರಿಗೆ ತಾಳ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ಕೇಳಿಸುತ್ತದೆ. ಆದ್ದರಿಂದ ಹಿಂದಿನ ಸಾಲಿನಲ್ಲಿದ್ದರೆ ಕಿವಿಯನ್ನು ನಂಬಿ ಕೂರಬೇಡಿ, ಮುಂದಿನವರ ಮಣಿಕಟ್ಟಿನ ಮೇಲೆ ಕಣ್ಣಿಡಿ.