ಸುಕೂಕ್ ಮತ್ತು ಪೋರ್ಟ್‌ಫೋಲಿಯೊ: ಬೆಳೆ ನಾಲ್ಕು, ಮಳೆ ಎಷ್ಟು?

ಕಾರವಾರದಲ್ಲಿ ಎಂ.ಕಾಂ. ಮಾಡುತ್ತಿರುವ ನಾವು ನಾಲ್ವರು ಭಾನುವಾರ ಒಟ್ಟಿಗೆ ಕೂತು ಓದುತ್ತೇವೆ. ಹೋದ ವಾರದ ಪಾಠ ಸುಕೂಕ್, ಅಂದರೆ ಇಸ್ಲಾಮಿಕ್ ಕಾನೂನಾದ ಷರಿಯಾಕ್ಕೆ ಒಪ್ಪುವ ಹೂಡಿಕೆ ಪತ್ರ. ನಮ್ಮ ಕೈಗೆ ಬಂದ ಹಳೆಯ ನೋಟ್ಸಿನಲ್ಲಿ ಒಂದು ಸಾಲಿತ್ತು: "ಸುಕೂಕ್‌ನಲ್ಲಿ ಬಡ್ಡಿ ಇಲ್ಲ, ಆದ್ದರಿಂದ ಬಾಂಡುಗಳ ಜೊತೆ ಸಹಸಂಬಂಧ ಕಡಿಮೆ, ಆದ್ದರಿಂದ ವೈವಿಧ್ಯೀಕರಣಕ್ಕೆ ಉತ್ತಮ." ಸಹಸಂಬಂಧ ಅಂದರೆ ಎರಡರ ಬೆಲೆ ಎಷ್ಟು ಒಟ್ಟಿಗೆ ಏರಿಳಿಯುತ್ತದೆ ಎಂಬ ಅಳತೆ; ವೈವಿಧ್ಯೀಕರಣ ಅಂದರೆ ಅಪಾಯ ತಗ್ಗಿಸಲು ಹಣವನ್ನು ಬೇರೆ ಬೇರೆ ಕಡೆ ಹಂಚಿಡುವುದು. ನೋಟ್ಸಿನ ಮೊದಲ ಮಾತು ಸರಿ. ಉಳಿದೆರಡು ಅದರ ಬೆನ್ನಿಗೇ ಬಂದುಬಿಡುವುದಿಲ್ಲ. ಇದನ್ನು ಬಾಯಿಪಾಠ ಮಾಡುವವರಿಗೆ ಆ 'ಆದ್ದರಿಂದ'ವನ್ನು ಬಿಡಿಸಿ ತೋರಿಸಬೇಕು ಅನ್ನಿಸಿತು.

ಸಕ್ ಅಂದರೆ ಅರಬ್ಬಿಯಲ್ಲಿ ಪತ್ರ, ದಸ್ತಾವೇಜು. ಸುಕೂಕ್ ಅದರ ಬಹುವಚನ. ಬಾಂಡ್ ಸಾಲದ ಪತ್ರ. ನಮ್ಮ ಊರಿನ ಮೇಲೆ ಹಾದುಹೋಗುವ ಕೊಂಕಣ ರೈಲ್ವೆಗೆ ಬಾಂಡುಗಳಿಂದ ಹಣ ಎತ್ತಿದ್ದರು. ಹಣ ಹಾಕಿದವರಿಗೆ ಬಡ್ಡಿ ಬಂತು, ಹಳಿಯಲ್ಲಿ ಪಾಲು ಬರಲಿಲ್ಲ. ಷರಿಯಾದಲ್ಲಿ ಸಾಲದ ಮೇಲಿನ ಬಡ್ಡಿಗೆ ನಿಷೇಧವಿರುವುದರಿಂದ ಸುಕೂಕ್ ಹಿಡಿದವರು ಆಸ್ತಿಯಲ್ಲೋ ವ್ಯವಹಾರದಲ್ಲೋ ಪಾಲುದಾರರಾಗಬೇಕು. ಇಸ್ಲಾಮಿಕ್ ಹಣಕಾಸಿಗೆ ಮಾನದಂಡ ಹಾಕಿಕೊಡುವ ಬಹರೈನ್‌ನ ಸಂಸ್ಥೆ ಆಯೋಫಿ 14 ಬಗೆಯ ಸುಕೂಕ್ ಹೇಳುತ್ತದೆ. ನಮಗೆ ಸದ್ಯಕ್ಕೆ ಎರಡು ಸಾಕು. ಇಜಾರಾ ನಮ್ಮ ಗೇಣಿಯ ಹಾಗೆ: ಆಸ್ತಿ ನಿಮ್ಮದು, ಬಳಸುವವರು ಬಾಡಿಗೆ ಕೊಡುತ್ತಾರೆ. ಮುದಾರಬಾದಲ್ಲಿ ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ. ಕಾರವಾರದ ಬೈತಖೋಲ ಬಂದರಿನಲ್ಲಿ ಡೀಸೆಲ್, ಐಸಿನ ಖರ್ಚು ಕಳೆದು ಬೋಟಿನ ಮಾಲೀಕರಿಗೂ ದುಡಿದವರಿಗೂ ಪಾಲು ಹಂಚುವುದನ್ನು ನೋಡಿದವರಿಗೆ ಇದು ಹೊಸತಲ್ಲ.



ಇನ್ನು ತೊಡಕಿನ ವಿಷಯ. ಬಹಳಷ್ಟು ಇಜಾರಾ ಸುಕೂಕ್‌ಗಳಲ್ಲಿ ಸರ್ಕಾರವೋ ಕಂಪನಿಯೋ ತನ್ನ ಕಟ್ಟಡವನ್ನು ಇದಕ್ಕೆಂದೇ ಹುಟ್ಟುಹಾಕಿದ ಸಂಸ್ಥೆಗೆ ಮಾರಿ, ಅದನ್ನೇ ಬಾಡಿಗೆಗೆ ಪಡೆದು, ಅವಧಿ ಮುಗಿದಾಗ ಮುಖಬೆಲೆಗೇ ಮರಳಿ ಕೊಳ್ಳುವುದಾಗಿ ಬರೆದುಕೊಡುತ್ತದೆ. ಬಾಡಿಗೆಯನ್ನು ಲೈಬರ್‌ನಂಥ (ಲಂಡನ್ನಿನ ಬ್ಯಾಂಕುಗಳ ನಡುವಿನ ಸಾಲದ ದರ) ಬಡ್ಡಿದರ ನೋಡಿ ನಿಗದಿ ಮಾಡುವುದು ರೂಢಿಯಾಗಿತ್ತು. ಅಂದರೆ ಕಾಗದದಲ್ಲಿ ಗೇಣಿ, ಹಣದ ಹರಿವಿನಲ್ಲಿ ಬಾಂಡ್; ಹಾಗಾಗಿ ಬಡ್ಡಿ ಇಲ್ಲವೆಂದ ಮಾತ್ರಕ್ಕೆ ಸಹಸಂಬಂಧ ಕಡಿಮೆ ಎನ್ನಲಾಗದು. ಮುಖಬೆಲೆಯ ಈ ಭರವಸೆಯನ್ನು ಲಾಭ-ನಷ್ಟ ಹಂಚಿಕೆಯ ಸುಕೂಕ್‌ಗಳಲ್ಲೂ ಕೊಡುತ್ತಿದ್ದುದನ್ನು 2007ರಲ್ಲಿ ವಿದ್ವಾಂಸ ಮುಫ್ತಿ ತಖಿ ಉಸ್ಮಾನಿ ಟೀಕಿಸಿದರು. 2008ರಲ್ಲಿ ಆಯೋಫಿ ಅಂಥವುಗಳಿಗೆ ನಿಯಮ ಬಿಗಿ ಮಾಡಿತು, ಇಜಾರಾಗೆ ಅವಕಾಶ ಉಳಿಸಿತು.

ಆಸ್ತಿ ನಿಜಕ್ಕೂ ಕೈಗೆ ಬರುತ್ತದೆಯೇ ಎಂಬುದು ಗೊತ್ತಾಗುವುದು ಕಷ್ಟಕಾಲದಲ್ಲಿ. 2009ರ ನವೆಂಬರಿನಲ್ಲಿ ದುಬೈ ಸರ್ಕಾರದ ಕಂಪನಿ ದುಬೈ ವರ್ಲ್ಡ್ ತನ್ನ ಸಾಲಗಳ ಗಡುವು ಮುಂದೂಡುವಂತೆ ಕೇಳಿತು. ಅದರ ಅಂಗಸಂಸ್ಥೆ, ಬಿಲ್ಡರ್ ಕಂಪನಿ ನಖೀಲ್‌ನ 352 ಕೋಟಿ ಡಾಲರ್ ಸುಕೂಕ್ ಡಿಸೆಂಬರ್ 14ಕ್ಕೆ ತೀರಬೇಕಿತ್ತು. ಹೂಡಿಕೆದಾರರನ್ನು ಕೊನೆಗೆ ಕಾಪಾಡಿದ್ದು ಸುಕೂಕ್‌ನ ಹಿಂದಿದ್ದ ಜಮೀನಲ್ಲ, ಅಬುಧಾಬಿ ಕೊಟ್ಟ ಸಾವಿರ ಕೋಟಿ ಡಾಲರ್ ನೆರವು.

ಈಗ ಪೋರ್ಟ್‌ಫೋಲಿಯೊ, ಅಂದರೆ ಹೂಡಿಕೆಗಳ ಒಟ್ಟು ಗುಚ್ಛದ ಬಗ್ಗೆ ಅರ್ಥಶಾಸ್ತ್ರಜ್ಞ ಮಾರ್ಕೊವಿಟ್ಸ್ 1952ರಲ್ಲಿ ಹೇಳಿದ ಲೆಕ್ಕ. ಎರಡು ಹೂಡಿಕೆ, ಅರ್ಧರ್ಧ ಹಣ, ಎರಡರ ಮಾನಕ ವಿಚಲನೆಯೂ (ಆದಾಯ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆ ಎಂಬ ಅಪಾಯದ ಅಳತೆ) ಶೇ. 10. ಸಹಸಂಬಂಧ 1 ಇದ್ದರೆ ಒಟ್ಟು ಅಪಾಯ ಶೇ. 10ರಲ್ಲೇ ನಿಲ್ಲುತ್ತದೆ. 0.5 ಆದರೆ 8.66, ಸೊನ್ನೆಯಾದರೆ 7.07. ಇಷ್ಟನ್ನೂ ಕೈಯಾರೆ ಲೆಕ್ಕ ಹಾಕಿ ನೋಡಿ, ಸೂತ್ರ ಮತ್ತೆ ಮರೆಯುವುದಿಲ್ಲ.

ನನಗೆ ಇದು ಅರ್ಥವಾದದ್ದು ನಮ್ಮ ಶಿರಸಿಯ ತೋಟದಿಂದ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಬಾಳೆ, ಏಲಕ್ಕಿ. ಆದರೆ ಆಷಾಢದಲ್ಲಿ ಮಳೆ ಬಿಡದೆ ಹೊಡೆದ ವರ್ಷ ಅಡಿಕೆಗೆ ಕೊಳೆ, ಮೆಣಸಿಗೆ ಸೊರಗು ರೋಗ. ಎರಡೂ ಫೈಟೋಫ್ತೊರಾ ಎಂಬ ಒಂದೇ ಕುಲದ ರೋಗಾಣುವಿನಿಂದ ಬರುವಂಥವು, ಎರಡಕ್ಕೂ ಬೋರ್ಡೋ ದ್ರಾವಣವೇ ಗತಿ. ಎಣಿಸಿದರೆ ನಾಲ್ಕು ಬೆಳೆ, ಆ ಮಳೆಗೆ ಅವುಗಳಲ್ಲಿ ಮುಖ್ಯವಾದ ಎರಡು ಒಟ್ಟಿಗೇ ಹೋಗುತ್ತವೆ.

ಉದಯೋನ್ಮುಖ ಮಾರುಕಟ್ಟೆಯ, ಅಂದರೆ ಬೆಳೆಯುತ್ತಿರುವ ದೇಶಗಳ ಸುಕೂಕ್‌ಗೂ ಹೀಗೇ ಕೇಳಬೇಕು: ಒಂದೇ ಮಳೆಗೆ ಎಷ್ಟು ಒಟ್ಟಿಗೆ ಹೋಗುತ್ತವೆ? ಸೌದಿ ರಿಯಾಲ್ 1986ರಿಂದ ಡಾಲರಿಗೆ 3.75, ಯುಎಇ ದಿರ್ಹಮ್ 1997ರಿಂದ 3.6725. ಕರೆನ್ಸಿಯನ್ನು ಡಾಲರಿಗೆ ಕಟ್ಟಿದ ಮೇಲೆ ಬಡ್ಡಿದರವೂ ಅಮೆರಿಕದ ಹಿಂದೆ ಹೋಗುತ್ತದೆ. ಜೊತೆಗೆ ತೈಲ: 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ ಸುಮಾರು 115 ಡಾಲರ್ ಇದ್ದ ಬ್ರೆಂಟ್ ಕಚ್ಚಾತೈಲದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಅಂಥ ಮಳೆಗೆ ಕೊಲ್ಲಿಯ ಸರ್ಕಾರ, ಬ್ಯಾಂಕು, ಬಿಲ್ಡರು ಎಲ್ಲರೂ ಒಟ್ಟಿಗೇ ನೆನೆಯುತ್ತಾರೆ. ತೈಲ ಆಮದು ಮಾಡುವ ತುರ್ಕಿ, 2005ರಿಂದ ಡಾಲರಿನ ಕಟ್ಟು ಬಿಚ್ಚಿದ ರಿಂಗಿಟ್‌ನ ಮಲೇಷ್ಯಾ ಬೇರೆ ಹವಾಮಾನದ ತೋಟಗಳು. ವೈವಿಧ್ಯೀಕರಣದ ಲಾಭ ಹುಡುಕಬೇಕಾದ್ದು ಇಲ್ಲಿ.

ಪ್ರಬಂಧಗಳಲ್ಲಿ ಕಡಿಮೆ ಸಹಸಂಬಂಧದ ಅಂಕಿ ಕಂಡರೆ ಒಮ್ಮೆ ನಿಲ್ಲಿ. ಸುಕೂಕ್ ಕೊಂಡವರು ಹೆಚ್ಚಾಗಿ ಅವಧಿ ಮುಗಿಯುವವರೆಗೂ ಇಟ್ಟುಕೊಳ್ಳುತ್ತಾರೆ. ವಹಿವಾಟು ವಿರಳ, ಹಾಗಾಗಿ ಪಟ್ಟಿಯಲ್ಲಿನ ಬೆಲೆ ಹಳತಾಗಿಯೇ ಉಳಿಯುತ್ತದೆ. ಕದಲದ ಬೆಲೆಯ ಸಹಸಂಬಂಧ ಕಡಿಮೆ ಬಂದರೆ ಆಶ್ಚರ್ಯವಿಲ್ಲ. ಅದನ್ನು ಸುರಕ್ಷತೆ ಎಂದು ಓದಬೇಡಿ.

ನಮ್ಮ ಗುಂಪಿನಲ್ಲಿ ಭಟ್ಕಳದ ಗೆಳೆಯನಿದ್ದಾನೆ, ಅವನ ಅಣ್ಣಂದಿರಿಬ್ಬರೂ ದುಬೈನಲ್ಲಿ. ಬಡ್ಡಿ ಬೇಡವೆನ್ನುವ ಆ ಮನೆಗೆ ಸುಕೂಕ್ ಒಪ್ಪುವ ಹೂಡಿಕೆ, ಆ ಕಾರಣವೇ ಅವರಿಗೆ ಮುಖ್ಯ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಸಂಬಳವೂ ದುಬೈನದೇ, ಉಳಿತಾಯವೂ ದುಬೈ ಸುಕೂಕ್‌ನಲ್ಲೇ ಎಂದಾದರೆ 2009ರಂಥ ವರ್ಷ ಎರಡೂ ಒಟ್ಟಿಗೆ ಅಲುಗುತ್ತವೆ. ಅದೇ ಪತ್ರ ಅಡಿಕೆ ನಂಬಿದ ನಮ್ಮ ಮನೆಗೆ ನಿಜವಾದ ವೈವಿಧ್ಯೀಕರಣವಾದೀತು, ಏಕೆಂದರೆ ಶಿರಸಿಯ ಮಳೆಗೂ ಅದಕ್ಕೂ ಸಂಬಂಧವಿಲ್ಲ. ರೂಪಾಯಿಯ ಲೆಕ್ಕವೂ ಸೇರಬೇಕು: ಡಾಲರ್ ಏರಿದರೆ ದಿರ್ಹಮ್ ಸಂಬಳ, ಡಾಲರ್ ಸುಕೂಕ್ ಎರಡೂ ರೂಪಾಯಿಯಲ್ಲಿ ಏರುತ್ತವೆ, ಇಳಿದರೆ ಎರಡೂ ಇಳಿಯುತ್ತವೆ. ಗೆಳೆಯನ ಮನೆಗೆ ರಿಂಗಿಟ್ ಸುಕೂಕ್ ಹೆಚ್ಚು ಹೊಂದುತ್ತದೆ ಎಂದು ನಾನು ಹೇಳುವುದು ಇದಕ್ಕೇ.